ವಿಂಧ್ಯಶಿಲೆಗಳ ವಯೋನಿರ್ಣಯ

ಥಾಮಸ್ ಓಲ್ಡ್‌ಹ್ಯಾಂ ಅವರು 1856ರಲ್ಲಿ ಮಧ್ಯಭಾರತದ ಮರಳುಗಲ್ಲು, ಜೇಡಿಗಲ್ಲು, ಸುಣ್ಣಕಲ್ಲುಗಳ ಮಹಾಸಂಚಯಕ್ಕೆ ವಿಂಧ್ಯವೆಂಬ ಹೆಸರನ್ನಿತ್ತ ತರುವಾಯ ಹೆಚ್ಚುಕಡಿಮೆ ಒಂದೂವರೆ ಶತಮಾನ ಭೂವಿಜ್ಞಾನಿಗಳನ್ನು ಕಾಡಿದ ಪ್ರಶ್ನೆಯೆಂದರೆ, ಮಡಿಕೆ ಬೀಳದೆ, ತಾಪದಿಂದ ವಿಕಾರಗೊಳ್ಳದೆ, ಬಹುಮಟ್ಟಿಗೆ ಹಾಸಿದ ಹಾಗೆಯೇ ಉಳಿದುಬಂದಿರುವ ಈ ಸ್ತರಗಳು ಯಾವ ಕಾಲದವು ಎಂಬುದು. ಚುನಾರಿನ ಗಣಿಗಳಿಂದ ಮೌರ್ಯರ ಸ್ತಂಭಗಳಿಗೆ ಕಲ್ಲನ್ನೊದಗಿಸಿದ ಈ ಶ್ರೇಣಿಯು ತನ್ನ ಜನ್ಮಕಾಲವನ್ನು ನಿಸ್ಸಂದೇಹವಾಗಿ ಹೇಳಬಲ್ಲ ಒಂದು ಚಿಪ್ಪನ್ನಾಗಲಿ ಎಲುಬನ್ನಾಗಲಿ ಒದಗಿಸಲಿಲ್ಲ. ನಮ್ಮ ಭೀಮಾತೀರದ ಶಹಾಬಾದು ಕಲ್ಲಿನ ಪದರಗಳನ್ನೂ ಪಂಡಿತರು ವಿಂಧ್ಯದೊಡನೆ ಹೋಲಿಸುತ್ತಿದ್ದುದರಿಂದ ಅಲ್ಲಿಯ ಅನಿಶ್ಚಯವು ಇಲ್ಲಿಗೂ ಹಬ್ಬಿತ್ತು.

ದೇಹವಳಿದರೂ ನಡೆದ ಜಾಡು ಉಳಿಯಬಹುದು. ಕೆಸರಿನಲ್ಲಿ ಹುಳು ಕೊರೆದ ಬಿಲ, ತೆವಳಿದ ಗೆರೆ, ಇವು ಕಲ್ಲಾದಾಗ ಜಾಡು ಪಳೆಯುಳಿಕೆಗಳೆನಿಸುತ್ತವೆ. ಕಾಲನಿರ್ಣಯದಲ್ಲಿ ಇವುಗಳಿಗೆ ಎಷ್ಟು ಮಾನ್ಯತೆಯಿದೆಯೆಂದರೆ, ಸುಮಾರು 54 ಕೋಟಿ ವರ್ಷಗಳ ಹಿಂದಿನ ಕೇಂಬ್ರಿಯನ್ ಯುಗದ ಆರಂಭವನ್ನು 1992ರಲ್ಲಿ ವಿಧಿವತ್ತಾಗಿ ಗೊತ್ತುಪಡಿಸಿದಾಗ, ನ್ಯೂಫೌಂಡ್‌ಲೆಂಡಿನ ಫಾರ್ಚೂನ್ ಹೆಡ್ ಕಡಲಬಂಡೆಯಲ್ಲಿ ಟ್ರೆಪ್ಟಿಕ್ನಸ್ ಪೀಡಮ್ ಎಂಬ ಕವಲುಬಿಲವು ಮೊದಲು ಕಾಣಿಸಿಕೊಳ್ಳುವ ಮಟ್ಟವನ್ನೇ ಗಡಿಯನ್ನಾಗಿ ಅಂಗೀಕರಿಸಲಾಯಿತು. ಆದರೆ ಒಂದೇ ಬಗೆಯ ಗೆರೆಯನ್ನು ಬೇರೆ ಬೇರೆ ಪ್ರಾಣಿಗಳು ಬೇರೆ ಬೇರೆ ಯುಗಗಳಲ್ಲಿ ಬರೆಯಬಹುದು. ಕೆಲವೊಮ್ಮೆ ಪ್ರಾಣಿಯೇ ಇಲ್ಲದೆಯೂ ಗೆರೆ ಮೂಡಬಹುದು.

ಜರ್ಮನಿಯ ಟ್ಯೂಬಿಂಗೆನ್ನಿನ ಅಡಾಲ್ಫ್ ಝೈಲಾಖರ್ ಜಾಡುಗಳ ಶಾಸ್ತ್ರದಲ್ಲಿ ತಮ್ಮ ಕಾಲದ ಅಗ್ರಗಣ್ಯರು. ಅವರು ಜಾದವಪುರ ವಿಶ್ವವಿದ್ಯಾನಿಲಯದ ಪ್ರದೀಪ ಬೋಸ್ ಮತ್ತು ಫ್ರೀಡ್ರಿಕ್ ಫ್ಲ್ಯೂಗರ್ ಅವರೊಡನೆ, ಸೋನ್ ಕಣಿವೆಯ ಚೋರ್ಹಟ್ ಮರಳುಗಲ್ಲಿನ ಮೇಲಿನ ಡೊಂಕುಗೆರೆಗಳು ಸೂಕ್ಷ್ಮಜೀವಿಗಳ ಹಾಸಿನಡಿಯಲ್ಲಿ ಮೇಯುತ್ತಿದ್ದ ಹುಳುವಿನಂಥ ಪ್ರಾಣಿಗಳ ಬಿಲಗಳೆಂದೂ, ಅವು ನೂರು ಕೋಟಿ ವರ್ಷಗಳಿಗಿಂತಲೂ ಹಿಂದಿನವೆಂದೂ 1998ರಲ್ಲಿ ಪ್ರಕಟಿಸಿದರು. ವಿಚಿತ್ರವೆಂಬಂತೆ ಅದೇ ವರ್ಷ ಡೆಹರಾಡೂನಿನ ರಫತ್ ಆಜ್ಮಿಯವರು, ಬೆಂಗಳೂರಿನಿಂದ ಹೊರಡುವ ಭಾರತೀಯ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ, ಅದೇ ಕೆಳವಿಂಧ್ಯದ ಸುಣ್ಣಕಲ್ಲಿನಿಂದ ಕೇಂಬ್ರಿಯನ್ ಯುಗದ ಸಣ್ಣ ಚಿಪ್ಪುಗಳನ್ನು ತೆಗೆದಿರುವುದಾಗಿ ಬರೆದರು. ಒಬ್ಬರ ಲೆಕ್ಕಕ್ಕೂ ಇನ್ನೊಬ್ಬರ ಲೆಕ್ಕಕ್ಕೂ ಸುಮಾರು ಐವತ್ತು ಕೋಟಿ ವರ್ಷಗಳ ಅಂತರ!

ಈ ವ್ಯಾಜ್ಯವನ್ನು ತೀರಿಸಬೇಕಾಗಿದ್ದುದು ಖನಿಜ. ಅದುವರೆಗಿನ ವಯೋಮಾನಗಳು ಬಹುಮಟ್ಟಿಗೆ ಗ್ಲಾಕೊನೈಟನ್ನು ಅವಲಂಬಿಸಿದ್ದವು. ಕಡಲತಳದಲ್ಲಿಯೇ ಹುಟ್ಟುವ ಈ ಹಸುರು ಖನಿಜದ ಪೊಟ್ಯಾಸಿಯಮ್ಮಿನ ಒಂದಂಶವು ಕ್ರಮೇಣ ಆರ್ಗಾನ್ ಅನಿಲವಾಗುವುದರಿಂದ, ಶೇಖರವಾದ ಅನಿಲವನ್ನು ಅಳೆದು ಕಾಲವನ್ನು ಎಣಿಸುತ್ತಿದ್ದರು. ಅನಿಲ ಸೋರಿಹೋಗಿದ್ದರೆ ಕಲ್ಲು ಇದ್ದುದಕ್ಕಿಂತ ಎಳೆಯದಾಗಿ ತೋರುವುದು. ಒಡಕು ಗಡಿಗೆಯ ನೀರನ್ನಳೆದು ಮಳೆಯ ಲೆಕ್ಕ ಹೇಳಿದಂತೆಯೇ ಸರಿ. ಜಿರ್ಕಾನ್ ಇದಕ್ಕಿಂತ ಬಹಳ ಗಟ್ಟಿಯಾದ ಸಾಕ್ಷಿ. ಶಿಲಾರಸದಿಂದ ಹರಳುಗಟ್ಟುವಾಗ ಅದು ಯುರೇನಿಯಮ್ಮನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹೊರಗಿಡುತ್ತದೆ. ಆದುದರಿಂದ ಇಂದು ಅದರೊಳಗೆ ಕಾಣುವ ಸೀಸವೆಲ್ಲ ಯುರೇನಿಯಮ್ಮಿನ ಸಂತಾನವೇ ಸರಿ. ಯುರೇನಿಯಮ್ಮಿನ ಎರಡು ಸಮಸ್ಥಾನಿಗಳು, ಒಂದು 447 ಕೋಟಿ ವರ್ಷಗಳ ಅರ್ಧಾಯುಷ್ಯದಿಂದಲೂ ಇನ್ನೊಂದು 70 ಕೋಟಿಯದರಿಂದಲೂ ಕ್ಷಯಿಸುವುದರಿಂದ, ಎರಡರ ಲೆಕ್ಕ ತಾಳೆಯಾದರೆ ನಡುವೆ ಏನೂ ಸೋರಿಲ್ಲವೆಂದು ನಂಬಬಹುದು. ಚೋರ್ಹಟ್ ಕಲ್ಲಿನ ಕೆಳಗೂ ಮೇಲೂ ಜ್ವಾಲಾಮುಖಿಯ ಬೂದಿ ಬಿದ್ದು ಗಟ್ಟಿಯಾದ ಪದರಗಳಿರುವುದು ನಮ್ಮ ಭಾಗ್ಯವೆನ್ನಬೇಕು, ಏಕೆಂದರೆ ಮರಳುಗಲ್ಲಿನೊಳಗಿನ ಜಿರ್ಕಾನು ಎಲ್ಲಿಂದಲೋ ಕೊಚ್ಚಿಬಂದ ಹಳೆಯ ಹರಳಾಗಿರಬಹುದು, ಬೂದಿಯದಾದರೋ ಬಿದ್ದ ದಿನದ್ದೇ. 2002ರಲ್ಲಿ ಬಿರ್ಗರ್ ರಾಸ್ಮುಸ್ಸೆನ್ ಮತ್ತವರ ಸಂಗಡಿಗರೂ, ಜ್ಯೋತಿರಂಜನ ರೇ ಮತ್ತವರ ಸಂಗಡಿಗರೂ ಪ್ರತ್ಯೇಕವಾಗಿ ಅವನ್ನಳೆದರು. ಕೆಳಗಿನ ಬೂದಿ ಸುಮಾರು 163 ಕೋಟಿ, ಮೇಲಿನದು ಸುಮಾರು 160 ಕೋಟಿ ವರ್ಷಗಳಷ್ಟು ಹಳೆಯದು.

ಇದರಿಂದ ಹುಳುವಿನ ವಾದವು ಬಲಗೊಳ್ಳುವ ಬದಲು ಉಸಿರುಗಟ್ಟಿತು. ನೂರು ಕೋಟಿ ವರ್ಷದ ಪ್ರಾಣಿಯನ್ನೇ ನಂಬಲು ಹಿಂಜರಿದವರು, ಅದಕ್ಕೂ ಅರವತ್ತು ಕೋಟಿ ವರ್ಷ ಹಿಂದಿನದನ್ನು ಹೇಗೆ ನಂಬಿಯಾರು? ಜೀವಿಹಾಸು ಕುಗ್ಗಿ ಬಿರಿದಾಗ ಮೂಡಿದ ಬಿರುಕುಗಳೇ ಆ ಗೆರೆಗಳೆಂಬ ಅಭಿಪ್ರಾಯ ಇಂದು ಪ್ರಬಲವಾಗಿದೆ. ಜಾಡಿನಿಂದ ಕಾಲವನ್ನು ತಿಳಿಯಹೋಗಿ ಕೊನೆಗೆ ಕಾಲದಿಂದಲೇ ಜಾಡನ್ನು ವಿಚಾರಿಸಬೇಕಾಯಿತು. ಇದು ಶಾಸ್ತ್ರಕ್ಕೆ ಅವಮಾನವೆಂದು ನಾನು ಎಣಿಸುವುದಿಲ್ಲ.

ಆಜ್ಮಿಯವರ ಗತಿ ಬೇರೆ. ಪನ್ನಾ ಸಮೀಪದ ಮಝಗವಾಂ ವಜ್ರಶಿಲೆಯು ವಿಂಧ್ಯದ ಕೈಮೂರ್ ಮರಳುಗಲ್ಲನ್ನು ಭೇದಿಸಿ ಮೇಲೆದ್ದುದು ನೂರು ಕೋಟಿ ವರ್ಷಗಳಿಗಿಂತ ಹಿಂದೆ. ನುಗ್ಗಿದ ಶಿಲೆಗಿಂತ ನುಗ್ಗಿಸಿಕೊಂಡದ್ದು ಹಳೆಯದಾಗಿರಲೇಬೇಕಾದ್ದರಿಂದ, ಅದಕ್ಕೂ ಕೆಳಗಿರುವ ಸ್ತರಗಳಲ್ಲಿ ಕೇಂಬ್ರಿಯನ್ ಜೀವಿಗಳು ಇರಲಾರವೆಂದು ಆಕ್ಷೇಪಿಸುವುದು ಸುಲಭವಾಗಿತ್ತು, ಪಳೆಯುಳಿಕೆಗಳೇ ಸುಳ್ಳೆಂದವರೂ ಇದ್ದರು. ಆದರೆ 2009ರಲ್ಲಿ ಸ್ಟೆಫಾನ್ ಬೆಂಗ್ಟ್‌ಸನ್ ಮತ್ತವರ ಸಹೋದ್ಯೋಗಿಗಳು ಚಿತ್ರಕೂಟದ ಫಾಸ್ಫೇಟುಯುಕ್ತ ಶಿಲೆಯನ್ನು ಪರೀಕ್ಷಿಸಿ, ಪಳೆಯುಳಿಕೆಗಳು ನಿಜವಾದುವೇ, ಕಾಲ ಮಾತ್ರ ನೂರು ಕೋಟಿ ವರ್ಷಗಳಿಗೂ ಮಿಗಿಲಾಗಿ ತಪ್ಪಿದೆ ಎಂದು ತೋರಿಸಿದರು. ಅಲ್ಲಿಯ 160 ಕೋಟಿ ವರ್ಷ ಹಳೆಯ ಎಳೆಗಳನ್ನು ಕೆಂಪು ಪಾಚಿಯ ಜಾತಿಯವೆಂದು 2017ರಲ್ಲಿ ವಿವರಿಸಿದಾಗ, ಅವುಗಳಲ್ಲೊಂದಕ್ಕೆ ರಫತಾಜ್ಮಿಯಾ ಚಿತ್ರಕೂಟೆನ್ಸಿಸ್ ಎಂದು ಹೆಸರಿಟ್ಟರು.