ಅಹಮದಾಬಾದಿನ ಪಾನಾ, ಮ್ಯಾಂಚೆಸ್ಟರಿನ ಅಳತೆ

ಈ ವಾರದ ಮಾತಿನ ಬರಹ ರೂಪ ಇದು. ವಿಡಿಯೋದಲ್ಲಿ ಸ್ಪ್ಯಾನರ್ ಕೈಲಿ ಹಿಡಿದು ತೋರಿಸಿದ್ದನ್ನ ಇಲ್ಲಿ ಬರೀ ಅಕ್ಷರದಲ್ಲಿ ಹೇಳಬೇಕಾಗಿದೆ, ಹಾಗಾಗಿ ಕೆಲವು ಕಡೆ ಸ್ವಲ್ಪ ಉದ್ದ ಆಗಿದೆ.

ಗುಜರಾತಿಗೆ ಕೆಲಸಕ್ಕೆ ಬಂದ ಕನ್ನಡಿಗರಿಗೆ ಇಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊದಲು ಗಲಿಬಿಲಿ ಆಗೋದು ಹೆಸರುಗಳಿಂದ. ಸ್ಕ್ರೂಡ್ರೈವರ್‌ಗೆ ಇಲ್ಲಿ 'ಡಿಸಮಿಸ್' ಅಂತಾರೆ. ಹೌದು, ಐಟಿಯವರಿಗೆ ಎದೆ ಝಲ್ ಅನ್ನಿಸೋ ಅದೇ ಶಬ್ದ. ಸ್ಪ್ಯಾನರ್‌ಗೆ ಪಾನು, ನಾಲ್ಕಾರು ಇದ್ದರೆ ಪಾನಾ. ಕಟಿಂಗ್ ಪ್ಲೇಯರ್ ಅಂದರೆ ಪಕ್ಕಡ್, ಸುತ್ತಿಗೆ ಅಂದರೆ ಹಥೋಡಿ, ಕಬ್ಬಿಣ ಉಜ್ಜುವ ಅರಕ್ಕೆ ಕಾನಸ್. ಆಲೆನ್ ಕೀ ಬಿಲ್ಲಿನಲ್ಲಿ 'ಎಲ್ಎನ್ ಕೀ' ಆಗಿರುತ್ತೆ. ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೆ ಪಾನಾ ಹೊಸದೇನಲ್ಲ, ಅಲ್ಲಿನ ಗ್ಯಾರೇಜಿನಲ್ಲೂ ಇದೇ ಮಾತು. ಬೆಂಗಳೂರು, ಮೈಸೂರಿನವರಿಗೆ ಎರಡು ದಿನ ಬೇಕು, ಅಷ್ಟೇ.

ಹೆಸರಿನ ಗಲಿಬಿಲಿ ಎರಡು ದಿನದಲ್ಲಿ ಹೋಗುತ್ತೆ. ಅಳತೆಯ ಗಲಿಬಿಲಿ ಹಾಗಲ್ಲ. ಒಂದು ಹಳೇ ಯಂತ್ರದ ಬೋಲ್ಟಿಗೆ 13ರ ಪಾನಾ ಹೋಗೋದೇ ಇಲ್ಲ, 14 ಹಾಕಿದರೆ ಜಾರುತ್ತೆ. ಇನ್ನೊಂದು ಬೋಲ್ಟಿಗೆ 18 ಹೇಳಿ ಮಾಡಿಸಿದ ಹಾಗೆ ಕೂರುತ್ತೆ, ಆದರೆ ಆ ಬೋಲ್ಟಿಗೆ ಹೊಸ ನಟ್ಟು ತಂದರೆ ಒಂದು ಸುತ್ತು ತಿರುಗಿ ಕಚ್ಚಿಕೊಳ್ಳುತ್ತೆ. ಇದು ಅಂಗಡಿಯವನ ಮೋಸವೂ ಅಲ್ಲ, ಪಾನಾದ ದೋಷವೂ ಅಲ್ಲ. ಇದರ ಕಾರಣ ಹುಡುಕ್ತಾ ಹೋದರೆ 1861ರ ಅಹಮದಾಬಾದಿಗೆ ಹೋಗಬೇಕು.

ರಣಛೋಡಲಾಲ್ ಛೋಟಾಲಾಲ್ ಅನ್ನೋರು 1859ರಲ್ಲಿ ಈ ಊರಿನ ಮೊದಲ ಹತ್ತಿ ಗಿರಣಿಯ ಕಂಪನಿ ಕಟ್ಟಿದರು. ಗಿರಣಿ ನೂಲೋಕೆ ಶುರು ಮಾಡಿದ್ದು 1861ರ ಮೇ 30ಕ್ಕೆ. 2,500 ಕದಿರು, 65 ಜನ ಕೆಲಸಗಾರರು. ಆಗಿನ್ನೂ ರೈಲು ಅಹಮದಾಬಾದಿಗೆ ಬಂದಿರಲಿಲ್ಲ. ಸೂರತ್ ಹತ್ತಿರದ ಉತ್ರಾಣದಿಂದ ಅಂಕಲೇಶ್ವರದವರೆಗೆ ಹಳಿ ಬಿದ್ದದ್ದು ಹಿಂದಿನ ವರ್ಷ, 1860ರಲ್ಲಿ. ಹಾಗಾಗಿ ಇಂಗ್ಲೆಂಡಿನ ಯಂತ್ರಗಳು ಸಮುದ್ರದ ಮೇಲೆ ಖಂಭಾತ್‌ಗೆ ಬಂದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಅಹಮದಾಬಾದ್ ಸೇರಿದವು. ಎತ್ತಿನ ಗಾಡಿಯ ಮೇಲೆ ಕೈಗಾರಿಕಾ ಕ್ರಾಂತಿ! ಈ ಚಿತ್ರ ನನಗೆ ಬಹಳ ಇಷ್ಟ. ಆ ಗಾಡಿಗಳಲ್ಲಿ ಬಂದದ್ದು ಬರೀ ಯಂತ್ರ ಅಲ್ಲ. ಅದರ ಜೊತೆಗೆ ಒಂದು ಅಳತೆಯೂ ಬಂತು.

ಆ ಅಳತೆ ಜೋಸೆಫ್ ವಿಟ್‌ವರ್ತ್‌ನದ್ದು. ಮ್ಯಾಂಚೆಸ್ಟರಿನ ಯಂತ್ರ ತಯಾರಕ. ಅವನಿಗಿಂತ ಮುಂಚೆ ಪ್ರತಿ ಕಾರ್ಖಾನೆ ತನ್ನದೇ ಹೆಣಿಗೆಯ ಸ್ಕ್ರೂ ಮಾಡ್ಕೊಳ್ತಿತ್ತು. ಒಂದು ಕಾರ್ಖಾನೆಯ ಬೋಲ್ಟಿಗೆ ಇನ್ನೊಂದರ ನಟ್ಟು ಕೂರ್ತಿರಲಿಲ್ಲ. ಅವನು ಇಂಗ್ಲೆಂಡಿನ ಬೇರೆ ಬೇರೆ ಕಾರ್ಖಾನೆಗಳ ಬೋಲ್ಟುಗಳನ್ನ ಕೂಡಿಹಾಕಿ, ಅಳೆದು, ಸರಾಸರಿ ತೆಗೆದು, 1841ರಲ್ಲಿ ಒಂದು ಪಟ್ಟಿ ಮುಂದಿಟ್ಟ: ಎಳೆಯ ಕೋನ 55 ಡಿಗ್ರಿ, ಇಂತಿಷ್ಟು ದಪ್ಪದ ಬೋಲ್ಟಿಗೆ ಒಂದು ಇಂಚಿಗೆ ಇಂತಿಷ್ಟು ಎಳೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಎಲ್ಲರೂ ತಮ್ಮ ತಮ್ಮ ಫಾರ್ಮ್ಯಾಟಿನಲ್ಲಿ ಡೇಟಾ ಕಳಿಸ್ತಿದ್ದ ಕಾಲದಲ್ಲಿ ಒಬ್ಬ ಕೂತು ಸ್ಪೆಸಿಫಿಕೇಶನ್ ಬರೆದ. ಇಪ್ಪತ್ತು ವರ್ಷದಲ್ಲಿ ಅದು ಬ್ರಿಟನ್ನಿನಲ್ಲಿ ಮಾಮೂಲಿ ಆಯ್ತು. ಲ್ಯಾಂಕಶೈರಿನ ಮಗ್ಗ ಎಲ್ಲೆಲ್ಲಿ ಹೋಯ್ತೋ ಈ ಅಳತೆಯೂ ಅಲ್ಲಲ್ಲಿಗೆ ಹೋಯ್ತು.

ಈಗ ಪಾನಾದ ಮೇಲಿನ ಅಂಕಿ ನೋಡೋಣ. ಇಲ್ಲೇ ಎಲ್ಲರೂ ಎಡವೋದು. ಇವತ್ತು ನೀವು ಕೊಳ್ಳೋ ಪಾನಾದ ಮೇಲೆ 13 ಅಂತ ಇದ್ದರೆ ಅದರ ಬಾಯಿ 13 ಮಿ.ಮೀ. ಅಗಲ ಅಂತ ಅರ್ಥ. ವಿಟ್‌ವರ್ತ್ ಪಾನಾದ ಮೇಲೆ '1/4 ಡಬ್ಲ್ಯೂ' ಅಂತ ಇದ್ದರೆ ಅದು ಬಾಯಿಯ ಅಗಲ ಅಲ್ಲ, ಕಾಲು ಇಂಚು ದಪ್ಪದ ಬೋಲ್ಟಿಗೆ ಆಗುವ ಪಾನಾ ಅಂತ ಅರ್ಥ. ಅದರ ಬಾಯಿ 0.525 ಇಂಚು, ಅಂದರೆ 13.3 ಮಿ.ಮೀ. ಚಿಲ್ಲರೆ. ಅದಕ್ಕೇ 13 ಹೋಗಲ್ಲ, 14 ಜಾರುತ್ತೆ. '3/8 ಡಬ್ಲ್ಯೂ' ಬಾಯಿ 0.710 ಇಂಚು, ಹೆಚ್ಚು ಕಡಿಮೆ ಸರಿಯಾಗಿ 18 ಮಿ.ಮೀ. ಅದಕ್ಕೇ 18 ಚೆನ್ನಾಗಿ ಕೂರುತ್ತೆ. ಅದು ಕಾಕತಾಳೀಯ, ಒಳಗಿನ ಎಳೆ ಮಾತ್ರ ಬೇರೆಯೇ. ಮೆಟ್ರಿಕ್ ಎಳೆಯ ಕೋನ 60 ಡಿಗ್ರಿ. ಬಲವಂತ ಮಾಡಿದರೆ ಎರಡೂ ಹಾಳು.

ಇದರ ಮೇಲೆ ಇನ್ನೊಂದು ತೊಡಕು. ಎರಡನೇ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಉಕ್ಕು ಉಳಿಸೋಕೆ ಬ್ರಿಟಿಷರು ವಿಟ್‌ವರ್ತ್ ಬೋಲ್ಟಿನ ತಲೆಯನ್ನ ಒಂದು ಸೈಜು ಚಿಕ್ಕದು ಮಾಡಿದರು. ಎಳೆ ಅದೇ, ತಲೆ ಚಿಕ್ಕದು. ಹಾಗಾಗಿ ಹಳೇ 1/4ರ ಪಾನಾ ಹೊಸ 5/16ರ ಬೋಲ್ಟಿಗೆ ಕೂರುತ್ತೆ. ಆಮೇಲಿನ ಪಾನಾಗಳ ಒಂದೇ ಬಾಯಿಯ ಹತ್ತಿರ ಎರಡೆರಡು ಭಿನ್ನರಾಶಿ ಕೆತ್ತಿರೋದು ಇದಕ್ಕೇ. ಗೊತ್ತಿಲ್ಲದವರು ನೋಡಿದರೆ ಗಣಿತದ ಲೆಕ್ಕದ ಹಾಗೆ ಕಾಣುತ್ತೆ.

ಗಿರಣಿಯಲ್ಲಿ ಈ ಪಾನಾ ಯಾರ ಕೈಲಿತ್ತು ಅನ್ನೋದು ಸಣ್ಣ ವಿಷಯ ಅಲ್ಲ. ನೇಯುವವನ ಕೈಲಿ ಇರಲಿಲ್ಲ. ಮಗ್ಗ ಸರಿಮಾಡೋದು ಜಾಬರ್‌ನ ಕೆಲಸ. ಅವನೇ ಮೇಸ್ತ್ರಿ, ಆಳುಗಳ ಮೇಲೆ ನಿಗಾ ಇಡೋನೂ ಅವನೇ. ನೇಯುವವನಿಗೆ ಕೂಲಿ ನೇಯ್ದ ಬಟ್ಟೆಯ ಲೆಕ್ಕದ ಮೇಲೆ. ಮಗ್ಗ ನಿಂತರೆ ಕೂಲಿ ನಿಂತ ಹಾಗೆ. ಅಂದರೆ ಮಗ್ಗ ನಿಂತಾಗ ಜಾಬರ್ ಯಾರ ಮಗ್ಗದ ಹತ್ತಿರ ಮೊದಲು ಹೋಗ್ತಾನೆ ಅನ್ನೋದರಲ್ಲಿ ಆ ದಿನದ ಊಟ ಇತ್ತು. ಗಿರಣಿ ಇತಿಹಾಸ ಅಂದಾಗ ನಾವು ಮಾಲೀಕರನ್ನ ನೆನೀತೀವಿ, 1918ರ ಮುಷ್ಕರದಲ್ಲಿ ಗಾಂಧೀಜಿ ಉಪವಾಸ ಕೂತದ್ದನ್ನ ನೆನೀತೀವಿ. ಜಾಬರ್‌ನ ಜೇಬಿನ ಪಾನಾ ಕೂಡ ಒಂದು ಅಧಿಕಾರದ ದಂಡ ಆಗಿತ್ತು ಅನ್ನೋದು ನನ್ನ ಅಭಿಪ್ರಾಯ. ಪ್ರೊಡಕ್ಷನ್ ಸರ್ವರಿನ ಪಾಸ್‌ವರ್ಡ್ ಇಟ್ಕೊಂಡು ಕೂತ ಒಬ್ಬರು ನಿಮ್ಮ ಆಫೀಸಲ್ಲೂ ಇರ್ತಾರಲ್ಲ, ಅವರನ್ನ ನೆನೆಸಿಕೊಳ್ಳಿ.

ಸ್ವಾತಂತ್ರ್ಯ ಬಂದ ಮೇಲೆ 1956ರಲ್ಲಿ ತೂಕ-ಅಳತೆಯ ಕಾಯ್ದೆ ಆಯ್ತು, 1958ರ ಅಕ್ಟೋಬರಿನಿಂದ ಮೆಟ್ರಿಕ್ ಪದ್ಧತಿ ಜಾರಿಗೆ ಬರ್ತಾ ಹೋಯ್ತು, 1962ರ ಏಪ್ರಿಲ್ ಹೊತ್ತಿಗೆ ಕಡ್ಡಾಯ. ತರಕಾರಿ ಅಂಗಡಿಯ ತಕ್ಕಡಿಯಲ್ಲಿ ಸೇರು ಹೋಗಿ ಕಿಲೋ ಬಂದಷ್ಟು ಸುಲಭಕ್ಕೆ ಬೋಲ್ಟು ಬದಲಾಗಲ್ಲ. ತಕ್ಕಡಿಯ ಕಲ್ಲು ಬದಲಾಯಿಸಬಹುದು, ನಲವತ್ತು ವರ್ಷ ಓಡುವ ಮಗ್ಗದ ತೂತುಗಳನ್ನ ಬದಲಾಯಿಸೋಕಾಗಲ್ಲ. ಕಾಯ್ದೆ ಬಂದ ಮೇಲೂ ಹಳೇ ಯಂತ್ರ ಓಡ್ತಿದ್ದಷ್ಟು ಕಾಲ ಹಳೇ ಪಾನಾ ಬೇಕೇ ಬೇಕು.

ನಮ್ಮ ಕಡೆಯ ಉದಾಹರಣೆ ಕೊಟ್ಟರೆ ಇನ್ನೂ ಸುಲಭ. ಮದ್ರಾಸಿನಲ್ಲಿ 1955ರಿಂದ ಜೋಡಿಸೋಕೆ ಶುರುಮಾಡಿದ ಬುಲೆಟ್ ಹುಟ್ಟಿನಿಂದ ಇಂಗ್ಲಿಷ್ ಗಾಡಿ, ಅದರ ಮೈಮೇಲೆ ಬ್ರಿಟಿಷ್ ಎಳೆಗಳು. ಮೈಸೂರಿನಲ್ಲಿ 1961ರಲ್ಲಿ ಶುರುವಾದ ಜಾವಾ ಚೆಕೊಸ್ಲೊವಾಕಿಯಾದ ವಿನ್ಯಾಸ, ಹಾಗಾಗಿ ಹುಟ್ಟಿನಿಂದಲೇ ಮೆಟ್ರಿಕ್. ಒಂದೇ ರಸ್ತೆಯಲ್ಲಿ ಓಡ್ತಿದ್ದ ಎರಡು ಬೈಕಿಗೆ ಎರಡು ಬೇರೆ ಪಾನಾ ಸೆಟ್ಟು. ಆಮೇಲೆ 1983ರ ಕೊನೆಗೆ ಮಾರುತಿ, ಹಿಂದೆಯೇ ಹೀರೋ ಹೊಂಡಾ, ಆರ್‌ಎಕ್ಸ್ 100 ಬಂದವು. ಜಪಾನಿನವರು ಕೂಡ ಮೆಟ್ರಿಕ್ಕೇ, ಆದರೆ ಬೋಲ್ಟಿನ ತಲೆಯ ರೂಢಿ ಬೇರೆ. 8 ಮಿ.ಮೀ. ಬೋಲ್ಟಿಗೆ ಯುರೋಪಿನವರು 13ರ ತಲೆ ಕೊಟ್ಟರೆ ಜಪಾನಿನವರು 12 ಕೊಡ್ತಾರೆ. 10 ಮಿ.ಮೀ. ಬೋಲ್ಟಿಗೆ ಯುರೋಪಿನದ್ದು 16 ಅಥವಾ 17, ಜಪಾನಿನದ್ದು 14. ನಿಮ್ಮ ಬೈಕಿನ ಕೆಲಸಕ್ಕೆ 10, 12, 14 ಪದೇಪದೇ ಬೇಕಾಗಿ 13 ಡಬ್ಬಿಯಲ್ಲೇ ಹೊಳೀತಾ ಕೂತಿದ್ದರೆ ಕಾರಣ ಇದೇ.

ಇಷ್ಟರಲ್ಲಿ ಅಹಮದಾಬಾದಿನ ಗಿರಣಿಗಳು ಮುಚ್ಚೋಕೆ ಶುರುವಾಗಿದ್ದವು. 1980ರ ದಶಕದಲ್ಲಿ ಒಂದಾದ ಮೇಲೊಂದು, 90ರ ದಶಕದಲ್ಲಿ ಸರ್ಕಾರಿ ನಿಗಮದ ಗಿರಣಿಗಳೂ ಹೋದವು. ಸಾವಿರಾರು ಜನ ಬೀದಿಗೆ ಬಂದರು. ಇಪ್ಪತ್ತೈದು ವರ್ಷ ಲ್ಯಾಂಕಶೈರ್ ಮಗ್ಗದ ಶಬ್ದ ಕೇಳಿಯೇ ಯಾವ ನಟ್ಟು ಸಡಿಲ ಅಂತ ಹೇಳ್ತಿದ್ದ ಫಿಟ್ಟರ್‌ಗೆ ಆ ವಿದ್ಯೆ ಬೇರೆಲ್ಲೂ ನಡೀಲಿಲ್ಲ. ಕೋಬಾಲ್ ಬರೋರಿಗೆ ಬ್ಯಾಂಕುಗಳು ಈಗಲೂ ಕರೆದು ಸಂಬಳ ಕೊಡ್ತವೆ. ಅವನಿಗೆ ಅಂಥ ಬ್ಯಾಂಕು ಇರಲಿಲ್ಲ, ಮಗ್ಗವೇ ತೂಕಕ್ಕೆ ಹೋಗಿತ್ತು.

ಹಳೇ ಸಲಕರಣೆ ನೋಡಬೇಕು ಅಂದರೆ ಭಾನುವಾರ ಸಾಬರಮತಿ ದಂಡೆಯ ಗುಜರಿ ಬಜಾರಿಗೆ ಹೋಗಿ. ನಮ್ಮ 'ಗುಜರಿ'ಯ ಶಬ್ದವೇ, ಇಲ್ಲಿ ಅದಕ್ಕೆ 'ರವಿವಾರಿ' ಅಂತಲೂ ಹೆಸರು. ಸುಲ್ತಾನ್ ಅಹಮದ್ ಶಾಹನ ಕಾಲದಿಂದ, 1414ರಿಂದ ನಡೆದುಬಂದಿದೆ ಅಂತ ಸಂತೆಯವರ ಹೇಳಿಕೆ. 1954ರಿಂದ ಎಲ್ಲಿಸ್ ಸೇತುವೆಯ ಕೆಳಗಿನ ಜಾಗದಲ್ಲಿತ್ತು, 2014ರಲ್ಲಿ ರಿವರ್‌ಫ್ರಂಟಿನವರು ಕಟ್ಟಿದ ಹೊಸ ಜಾಗಕ್ಕೆ ಹೋಯ್ತು. ಮಂಚ, ಮೇಕೆ, ಹಳೇ ಪುಸ್ತಕಗಳ ನಡುವೆ ಪಾನಾ, ಪಕ್ಕಡ್ ರಾಶಿ ಹಾಕಿ ಕೂತಿರ್ತಾರೆ.

ಅಲ್ಲಿ ಕೊಳ್ಳೋದಾದರೆ ಮೊದಲು ಅಂಕಿ ಓದಿ. ಡಬ್ಲ್ಯೂ ಅಥವಾ ಬಿಎಸ್ ಅಕ್ಷರ ಇದ್ದರೆ ಬ್ರಿಟಿಷ್ ಅಳತೆ. ಭಿನ್ನರಾಶಿಯ ಜೊತೆ ಎಎಫ್ ಇದ್ದರೆ ಅದೂ ಇಂಚೇ, ಆದರೆ ಬಾಯಿಯ ಅಗಲ. ಆಮೇಲೆ ಬಾಯಿ ನೋಡಿ. ತೆರೆದ ಬಾಯಿಯ ಪಾನಾ ಹಳತಾದರೆ ತುದಿ ಅಗಲ ಆಗಿರುತ್ತೆ, ಒಂದು ಸಣ್ಣ ವರ್ನಿಯರ್ ಜೇಬಲ್ಲಿ ಇದ್ದರೆ ಬುಡದಲ್ಲೂ ತುದಿಯಲ್ಲೂ ಅಳೆದು ನೋಡಬಹುದು. ಹಿಡಿಯ ಮೇಲೆ ಸುತ್ತಿಗೆ ಏಟಿನ ಗುರುತಿದ್ದರೆ ಬಿಟ್ಟುಬಿಡಿ, ಯಾರೋ ಅದಕ್ಕೆ ಹೊಡೆದು ಬೋಲ್ಟು ಬಿಚ್ಚಿದ್ದಾರೆ. ತುಕ್ಕಿಗೆ ಹೆದರಬೇಡಿ, ಮೇಲಿನ ತುಕ್ಕು ಹೋಗುತ್ತೆ, ಸವೆದ ಬಾಯಿ ವಾಪಸ್ ಬರಲ್ಲ.

ಪಾನಾ ಹಿಡಿಯೋದನ್ನ ಶಾಲೆಯಲ್ಲಿ ಕಲಿಸಬಹುದಾ? ಇಲ್ಲಿಂದ ನೂರು ಕಿಲೋಮೀಟರ್ ಚಿಲ್ಲರೆ ದೂರದ ವಡೋದರಾದಲ್ಲಿ ಆ ಪ್ರಯತ್ನ ಆಯ್ತು. 1890ರಲ್ಲಿ ಮಹಾರಾಜ ಮೂರನೇ ಸಯ್ಯಾಜಿರಾವ್ ಗಾಯಕವಾಡ್ ಕಲಾಭವನ ಶುರುಮಾಡಿದರು. ಅದರ ಮುಖ್ಯಸ್ಥ ಸೂರತ್‌ನ ತ್ರಿಭುವನದಾಸ್ ಗಜ್ಜರ್, ರಸಾಯನಶಾಸ್ತ್ರಜ್ಞ. (ಮುಂದೆ ಮುಂಬೈಯಲ್ಲಿ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆಗೆ ಯಾರೋ ಡಾಂಬರು ಬಳಿದಾಗ ಅದನ್ನ ತೆಗೆದುಕೊಟ್ಟವರೂ ಇವರೇ.) ಗಜ್ಜರ್ ಅವರ ಹಟ ಏನಂದರೆ ಯಂತ್ರವಿದ್ಯೆ, ಬಡಗಿ ಕೆಲಸ, ಬಣ್ಣ ಹಾಕೋ ವಿದ್ಯೆ ಎಲ್ಲವನ್ನೂ ದೇಶಭಾಷೆಯಲ್ಲೇ ಕಲಿಸಬೇಕು. ಅದಕ್ಕೆ ಗುಜರಾತಿ, ಮರಾಠಿಯಲ್ಲಿ ತಾಂತ್ರಿಕ ಪುಸ್ತಕಗಳ ಮಾಲೆಯನ್ನೇ ಹೊರಡಿಸಿದರು. ಸಿನಿಮಾದ ದಾದಾಸಾಹೇಬ್ ಫಾಲ್ಕೆ ಕೂಡ ಸ್ವಲ್ಪ ಕಾಲ ಇಲ್ಲಿ ಓದಿದವರು. ಇವತ್ತು ಕಲಾಭವನ ಅಂದರೆ ಮಹಾರಾಜ ಸಯ್ಯಾಜಿರಾವ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗ, ಪಾಠ ಇಂಗ್ಲಿಷಿನಲ್ಲಿ.

ಎಂಟೆಕ್ ಮುಗಿಸೋವರೆಗೆ ನನಗೆ ಯಾರೂ 'ಅರ' ಅನ್ನೋ ಕನ್ನಡ ಪದ ಹೇಳಿಕೊಟ್ಟಿರಲಿಲ್ಲ. ಸುತ್ತಿಗೆ, ಉಳಿ, ಇಕ್ಕಳ ಮನೆಯಿಂದ ಬಂದವು, ಕಾಲೇಜಿನಿಂದಲ್ಲ. ಸ್ಪ್ಯಾನರ್‌ಗಾಗಿ ಸಮಿತಿ ಕೂರಿಸಿ ಹೊಸ ಶಬ್ದ ಟಂಕಿಸೋದರಲ್ಲಿ ನನಗೆ ನಂಬಿಕೆ ಇಲ್ಲ. ಪಾನಾ, ಪಕ್ಕಡ್, ಡಿಸಮಿಸ್ ಉಳಿದಿರೋದು ಕೈಲಿ ಗ್ರೀಸ್ ಇದ್ದವರ ಬಾಯಿಂದ. ಆದರೆ ಆ ಬಾಯಿಯಲ್ಲೇ ಪಾಠ ಮಾಡಬೇಕು ಅಂತ 1890ರಲ್ಲಿ ಒಬ್ಬರು ಹೊರಟಿದ್ದರಲ್ಲ, ಅದು ಇನ್ನೂ ಬಾಕಿ ಇರೋ ಕೆಲಸ ಅಂತ ನನಗನ್ನಿಸುತ್ತೆ.

ಸೂರತ್ ಬಗ್ಗೆ ಎರಡೇ ಮಾತು. ಅಲ್ಲಿ ಮಗ್ಗ ಇನ್ನೂ ಓಡ್ತಿದೆ, ಓಡಿಸೋರಲ್ಲಿ ಬಹಳಷ್ಟು ಜನ ಒಡಿಶಾದ ಗಂಜಾಂ ಜಿಲ್ಲೆಯವರು, ನಮ್ಮ ಹಾಗೇ ವಲಸಿಗರು. ಹೊಸ ವಾಟರ್‌ಜೆಟ್ ಮಗ್ಗಗಳು ಜಪಾನ್, ಚೀನಾದ ಮಾದರಿ, ಪೂರ್ತಿ ಮೆಟ್ರಿಕ್. ಅಲ್ಲಿ ಕೈಗೆ ಬೇಕಾಗೋದು ಆ ಎಲ್ಎನ್ ಕೀ. ಅಮೆರಿಕದ ಹಾರ್ಟ್‌ಫರ್ಡಿನ ಆಲೆನ್ ಕಂಪನಿ 1910ರ ಸುಮಾರಿಗೆ ಮಾರುಕಟ್ಟೆಗೆ ತಂದ ಈ ಆರು ಮೂಲೆಯ ಕೀಲಿ ಈಗ ಎರಡಕ್ಷರವಾಗಿ ಉಳಿದಿದೆ.

ಹೊಸದಾಗಿ ಕೊಳ್ಳೋರಿಗೆ: ಐವತ್ತು ತುಂಡಿನ ಹೊಳೆಯುವ ಪೆಟ್ಟಿಗೆ ಬೇಡ. ಗಾಡಿ, ವಾಷಿಂಗ್ ಮೆಷೀನು, ಸೈಕಲ್ಲಿಗೆ ಒಂದು ಕಡೆ ರಿಂಗು ಒಂದು ಕಡೆ ಬಾಯಿ ಇರೋ ಪಾನಾ 8, 10, 12, 13, 14, 17 ಸಾಕು, ಜೊತೆಗೆ ಒಂದು ಸೆಟ್ ಎಲ್ಎನ್ ಕೀ. ಬಿಗಿಯಾದ ಬೋಲ್ಟನ್ನ ಮೊದಲು ರಿಂಗಿನಿಂದ ಸಡಿಲಿಸಿ, ಆಮೇಲೆ ಬಾಯಿಯಿಂದ ಬಿಚ್ಚಿ. ದೂಡಬೇಡಿ, ನಿಮ್ಮ ಕಡೆ ಎಳೀರಿ. ದೂಡುವಾಗ ಜಾರಿದರೆ ಮುಷ್ಟಿ ಹೋಗಿ ಕಬ್ಬಿಣಕ್ಕೆ ಬಡಿಯುತ್ತೆ. ಪಾನಾಗೆ ಪೈಪು ಸಿಕ್ಕಿಸಿ ತಿರುಗಿಸಬೇಡಿ, ಬೋಲ್ಟಿನ ಸೈಜಿಗೆ ತಕ್ಕ ಹಾಗೇ ಪಾನಾದ ಉದ್ದ ಇರೋದು. ಹಳೇ ಬುಲೆಟ್ ಇದ್ದರೆ ಮಾತ್ರ ವಿಟ್‌ವರ್ತ್ ಹುಡುಕಿ.

ಊರಿಗೆ ಹೋದಾಗ ಒಂದು ನೋಡಿ. ನಿಮ್ಮ ತಾತನೋ ಮಾವನೋ ಗೋಕಾಕ ಮಿಲ್ಲಿನಲ್ಲಿ, ದಾವಣಗೆರೆಯ ಗಿರಣಿಯಲ್ಲಿ, ಬಿನ್ನಿಯಲ್ಲಿ, ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಇದ್ದವರಾದರೆ ಅಟ್ಟದ ಮೇಲಿನ ತಗಡಿನ ಡಬ್ಬಿಯಲ್ಲಿ ಭಿನ್ನರಾಶಿ ಕೆತ್ತಿದ ಪಾನಾ ಇರಬಹುದು. ಗುಜರಿಯವನಿಗೆ ಹಾಕೋ ಮುಂಚೆ ಸೀಮೆಎಣ್ಣೆಯಲ್ಲಿ ಒರೆಸಿ, ಡಬ್ಲ್ಯೂ ಇದೆಯಾ ನೋಡಿ. ಇದ್ದರೆ ಅದರಿಂದ ಏನು ಬಿಚ್ಚುತ್ತಿದ್ದರು ಅಂತ ಅವರನ್ನೇ ಕೇಳಿ.