ಬಾಯಿಲ್ಲದವರ ಅರಿವು: ಕುರಾರೆಯ ಚರಿತ್ರೆ

ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಯುವಾಗ ರೋಗಿಗೆ ಮಂಪರಿನ ಮದ್ದಿನ ಜೊತೆ ಸ್ನಾಯು ಸಡಿಲಿಸುವ ಮದ್ದನ್ನೂ ಕೊಡುವುದುಂಟು. ಈ ವಿದ್ಯೆ ಎಲ್ಲಿಂದ ಬಂತು? ಯುರೋಪು, ಅಮೆರಿಕದ ನಾಲ್ಕಾರು ಡಾಕ್ಟರರ ಹೆಸರು ಹೇಳಿದರೆ ಅದು ಅರ್ಧ ಚರಿತ್ರೆ.

ಇನ್ನರ್ಧ ಇರೋದು ದಕ್ಷಿಣ ಅಮೆರಿಕದ ಕಾಡಿನಲ್ಲಿ. ಅಲ್ಲಿನ ಮೂಲನಿವಾಸಿಗಳು ಕೆಲವು ಬಳ್ಳಿಗಳ ತೊಗಟೆ ಜಜ್ಜಿ, ರಸ ಸೋಸಿ, ಕುದಿಸಿ ಗಟ್ಟಿ ಪಾಕ ಮಾಡಿ ಬಾಣದ ಮೊನೆಗೆ ಹಚ್ಚುತ್ತಿದ್ದರು. ಅದೇ ಕುರಾರೆ. ಗಯಾನದ ಮಕೂಶಿ ಜನರ ಬಳ್ಳಿ ನಮ್ಮ ಕಾಸರಕದ ಮರದ ಕುಲದ್ದೇ. ಆದರೆ ಕಾಸರಕದ ಬೀಜ ಮೈಯನ್ನು ಸೆಟೆಸುತ್ತೆ, ಇದು ಸಡಿಲಿಸುತ್ತೆ. ಬಾಣ ತಾಗಿದ ಕೋತಿ ಕೊಂಬೆಯ ಹಿಡಿತ ಬಿಟ್ಟು ಕೆಳಗೆ ಬೀಳುತ್ತೆ. ಅದರ ಮಾಂಸ ತಿಂದವರಿಗೆ ಏನೂ ಆಗಲ್ಲ. ಯಾಕೆಂದರೆ ಈ ವಿಷ ಹೊಟ್ಟೆಯಿಂದ ರಕ್ತಕ್ಕೆ ಸೇರೋದು ಬಹಳ ಕಡಿಮೆ. ಯಾವ ಬಳ್ಳಿ, ಎಷ್ಟು ಕುದಿ, ಎಷ್ಟು ಗಟ್ಟಿ ಅನ್ನೋದೆಲ್ಲ ತಲೆಮಾರುಗಳ ಪ್ರಯೋಗದಿಂದ ಕಂಡುಕೊಂಡದ್ದು. ಇದು ವಿಜ್ಞಾನವಲ್ಲದೆ ಇನ್ನೇನು?

1800ರಲ್ಲಿ ಜರ್ಮನಿಯ ಹಂಬೋಲ್ಟ್ ಒರಿನೋಕೋ ನದಿಯ ಎಸ್ಮೆರಾಲ್ಡಾ ಎಂಬ ಊರಿನಲ್ಲಿ ಒಬ್ಬ ಮುದುಕ ಕುರಾರೆ ಕಾಯಿಸುವುದನ್ನು ಕೂತು ನೋಡಿದ. ಕಲಿಸಿದವನು ಆ ಮುದುಕ. ಪ್ರಪಂಚಕ್ಕೆ ಗೊತ್ತಿರೋ ಹೆಸರು ಹಂಬೋಲ್ಟನದು.

ಇಂಗ್ಲೆಂಡಿನ ವಾಟರ್ಟನ್ ಗಯಾನದಲ್ಲಿ ತನ್ನ ಮನೆತನದ ತೋಟಗಳನ್ನು ನೋಡಿಕೊಂಡಿದ್ದವನು. ಅಲ್ಲಿ ದುಡಿಯುತ್ತಿದ್ದವರು ಗುಲಾಮರು. 1812ರಲ್ಲಿ ಅವನು ಮಕೂಶಿಗಳ ನಾಡಿಗೆ ಹೋಗಿ ಪಾಕ ತಂದ. 1814ರಲ್ಲಿ ಲಂಡನ್ನಿನಲ್ಲಿ ಒಂದು ಹೆಣ್ಣು ಕತ್ತೆಗೆ ಅದನ್ನು ಕೊಟ್ಟರು. ಉಸಿರು ನಿಂತಿತು. ಗಂಟಲು ಸೀಳಿ ತಿದಿಯಿಂದ ತಾಸುಗಟ್ಟಲೆ ಗಾಳಿ ಊದಿದಾಗ ಕತ್ತೆ ಎದ್ದು ನಿಂತಿತು. ಉಸಿರಾಡಿಸುತ್ತಾ ಹೋದರೆ ಈ ವಿಷ ತಾನಾಗಿ ಇಳಿಯುತ್ತೆ ಅಂತ ಇದು ತೋರಿಸಿತು.

1850ರ ದಶಕದಲ್ಲಿ ಫ್ರಾನ್ಸಿನ ಕ್ಲೋದ್ ಬರ್ನಾರ್ ಇನ್ನೊಂದು ಗುಟ್ಟು ಬಿಡಿಸಿದ. ಕುರಾರೆಯಿಂದ ಸ್ನಾಯು ಸಾಯಲ್ಲ. ನರದ ಅಪ್ಪಣೆ ಸ್ನಾಯುವಿಗೆ ಮುಟ್ಟೋದು ನಿಲ್ಲುತ್ತೆ, ಅಷ್ಟೇ. 1935ರಲ್ಲಿ ಹೆರಾಲ್ಡ್ ಕಿಂಗ್ ಮ್ಯೂಸಿಯಮ್ಮಿನಲ್ಲಿದ್ದ ಹಳೆಯ ಪಾಕದಿಂದ ಟ್ಯೂಬೋಕ್ಯುರಾರಿನ್ ಬೇರ್ಪಡಿಸಿದ. 1938ರಲ್ಲಿ ರಿಚರ್ಡ್ ಗಿಲ್ ಈಕ್ವೆಡಾರಿನ ಕಾಡಿಂದ ಅಮೆರಿಕಕ್ಕೆ ಕುರಾರೆ ಹೊತ್ತು ತಂದ. ಕಂಪನಿ ಅದನ್ನು ಔಷಧಿ ಮಾಡಿ ಮಾರಿತು. 1942ರ ಜನವರಿ 23ರಂದು ಮಾಂಟ್ರಿಯಲ್‌ನಲ್ಲಿ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಎಂಬ ಡಾಕ್ಟರರು ಅದನ್ನು ಆಪರೇಷನ್ನಿಗೆ ಬಳಸಿದರು. ಅಲ್ಲಿಂದ ಶಸ್ತ್ರಚಿಕಿತ್ಸೆಯ ದಿಕ್ಕೇ ಬದಲಾಯಿತು. ಈಗ ಅದರ ಜಾಗದಲ್ಲಿ ಪ್ರಯೋಗಾಲಯದಲ್ಲಿ ಮಾಡಿದ ಮದ್ದುಗಳಿವೆ. ದಾರಿ ತೋರಿಸಿದ್ದು ಬಳ್ಳಿಯೇ.

ಇನ್ನೊಂದು ಸಂಗತಿ ಉಳಿದಿದೆ. ಕುರಾರೆ ಕೊಟ್ಟರೆ ಮನುಷ್ಯನಿಗೆ ಎಚ್ಚರವೂ ತಪ್ಪುತ್ತೆ, ನೋವೂ ಗೊತ್ತಾಗಲ್ಲ ಅಂತ ಕೆಲವರು ನಂಬಿದ್ದರು. 1940ರ ದಶಕದಲ್ಲಿ ಅಮೆರಿಕದ ಡಾಕ್ಟರ್ ಸ್ಕಾಟ್ ಸ್ಮಿತ್ ತನ್ನ ಮೈಗೇ ಅದನ್ನು ಚುಚ್ಚಿಸಿಕೊಂಡ. ಕಣ್ಣೆವೆ ಕೂಡ ಅಲ್ಲಾಡದ ಹಾಗೆ ಮಲಗಿದ. ಆಮೇಲೆ ಎದ್ದು ಹೇಳಿದ್ದು ಇಷ್ಟು: ಎಲ್ಲಾ ಕೇಳಿಸುತ್ತಿತ್ತು, ನೋವೂ ಗೊತ್ತಾಗುತ್ತಿತ್ತು. ಹೇಳೋಕೆ ಮಾತ್ರ ಆಗುತ್ತಿರಲಿಲ್ಲ.

ಚರಿತ್ರೆ ಬರೆಯುವವರು ಕಾಡಿನ ಜನರ ವಿಷಯದಲ್ಲೂ ಇದೇ ತಪ್ಪು ಮಾಡಿದ್ದಾರೆ. ಅವರು ಬರೆದಿಡಲಿಲ್ಲ, ಅದಕ್ಕೇ ಅವರಿಗೆ ಗೊತ್ತಿರಲಿಲ್ಲ ಅಂದುಕೊಂಡರು. ಬಾಯಿ ಬಿಡಲಾಗದವನಿಗೆ ಅರಿವಿಲ್ಲ ಅನ್ನೋದು ಆಪರೇಷನ್ ಮೇಜಿನ ಮೇಲೂ ಸುಳ್ಳು, ಚರಿತ್ರೆಯಲ್ಲೂ ಸುಳ್ಳು. ಮೇಷ್ಟ್ರುಗಳೇ, ಮಕ್ಕಳಿಗೆ ಈ ಪಾಠ ಹೇಳುವಾಗ ಮಕೂಶಿಗಳಿಂದ ಶುರು ಮಾಡಿ.