ಕಿಂಡರ್ ಸ್ಕೌಟ್‌ನ ಕಪ್ಪು ಕೆಸರು

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿರುವ ಹೇಫೀಲ್ಡ್ ಹಳ್ಳಿಯಿಂದ ಹೊರಟು, ವಿಲಿಯಂ ಕ್ಲಫ್ ಎಂಬ ಕೊರಕಲು ಹತ್ತಿ, 636 ಮೀಟರ್ ಎತ್ತರದ ಕಿಂಡರ್ ಸ್ಕೌಟ್‌ನ ಅಂಚು ಹಿಡಿದು ಸುತ್ತಿ ಬಂದರೆ ಒಂದು ಹಗಲಿನ ನಡಿಗೆ. ಮೇಲೆ ಚೂಪಾದ ಶಿಖರವೇನಿಲ್ಲ. ಇರುವುದು ಪೀಟ್ ಎಂಬ ಕಪ್ಪು ಜೌಗು: ಸಾವಿರಾರು ವರ್ಷಗಳಿಂದ ಪಾಚಿ ಪೂರ್ತಿ ಕೊಳೆಯದೆ ಪದರಪದರವಾಗಿ ಕೂತ ಮಣ್ಣು.

ಈ ಕೆಸರು ತುಳಿಯುವ ಹಕ್ಕಿಗಾಗಿ ಜನ ಜೈಲಿಗೆ ಹೋದರು. ಗ್ರೌಸ್ ಹಕ್ಕಿಯ ಬೇಟೆಗೆಂದು ಜಮೀನ್ದಾರರು ಬೆಟ್ಟಕ್ಕೆ ಕಾವಲು ಹಾಕಿದ್ದರು. 1932ರ ಏಪ್ರಿಲ್ 24, ಭಾನುವಾರ. ಇಪ್ಪತ್ತು ವರ್ಷದ ಬೆನ್ನಿ ರಾತ್‌ಮನ್ ಮುಂದಾಳಾಗಿ ನೂರಾರು ಮಂದಿ ಹತ್ತಿದರು. ಹೆಚ್ಚಿನವರು ಮ್ಯಾಂಚೆಸ್ಟರ್ ಕಡೆಯ ದುಡಿಯುವ ಹುಡುಗ ಹುಡುಗಿಯರು. ಕಾವಲುಗಾರರೊಂದಿಗೆ ತಳ್ಳಾಟವಾಯಿತು. ಅತಿಕ್ರಮ ಪ್ರವೇಶ ಆಗ ಕ್ರಿಮಿನಲ್ ಅಪರಾಧವೇ ಅಲ್ಲ. ಐವರನ್ನು ಎರಡರಿಂದ ಆರು ತಿಂಗಳು ಸೆರೆಗೆ ತಳ್ಳಿದ್ದು ದೊಂಬಿ, ಹಲ್ಲೆಯಂಥ ಆರೋಪಗಳು. (ಹಳೆಯ ಚಾರಣ ಸಂಘಗಳು ಈ ಸಾಹಸವನ್ನು ವಿರೋಧಿಸಿದ್ದವು ಎಂಬುದನ್ನು ಇಂದಿನ ಸಂಭ್ರಮಾಚರಣೆಗಳು ಮರೆತೇಬಿಡುತ್ತವೆ.) 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಆ ಹುಡುಗರು ಯಾವ ಹೊಗೆಯಿಂದ ತಪ್ಪಿಸಿಕೊಳ್ಳಲು ಬೆಟ್ಟ ಹತ್ತುತ್ತಿದ್ದರೋ, ಅದೇ ಗಿರಣಿ ಹೊಗೆಯ ಆಮ್ಲ ಮೇಲಿನ ಸ್ಫ್ಯಾಗ್ನಮ್ ಪಾಚಿಯನ್ನು ಕೊಂದಿತ್ತು. ಹೊದಿಕೆ ಹೋದ ಪೀಟ್ ಮಳೆಗೆ ಕೊಚ್ಚಿ ಕೊರಕಲಾಯಿತು. ಈಗ ಆ ಕೊರಕಲುಗಳಿಗೆ ಒಡ್ಡು ಕಟ್ಟಿ, ಪಾಚಿಯನ್ನು ಕೈಯಾರೆ ನೆಡುತ್ತಿದ್ದಾರೆ.